ಸಾಮಾನು ಹೊತ್ತವನ ಹೊಣೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ಹಿರಿಯರು ಎಚ್ಚರಿಸಿದರು. ಆ ಕಾಲದಲ್ಲಿ ಹುಟ್ಟಿದ ಊರಿನಲ್ಲೇ ಬದುಕಿ ಮುಗಿಸುವವರು ಹೆಚ್ಚು. ಆದ್ದರಿಂದಲೋ ಏನೋ 'ಮನೆ ಬದಲಿಸಿ ನೋಡು' ಎಂಬ ಮೂರನೆಯ ಎಚ್ಚರಿಕೆ ಗಾದೆಯಲ್ಲಿ ಸೇರಲಿಲ್ಲ.

ಶಾಲೆಗಳಿಗೆ ರಜೆ ಬಿದ್ದು ವರ್ಗಾವಣೆಯ ಪಟ್ಟಿಗಳು ಹೊರಬೀಳುವ ದಿನಗಳಲ್ಲಿ, ಆಷಾಢ ಹಿಡಿಯುವ ಮೊದಲೇ ಹೊಸ ಮನೆ ಸೇರಬೇಕೆಂಬ ಆತುರದಲ್ಲಿ, ರಾಜ್ಯದ ಯಾವ ಬಡಾವಣೆಗೆ ಹೋದರೂ ಕಾಣುವ ನೋಟ ಒಂದೇ. ಗೇಟಿನ ಮುಂದೆ ಲಾರಿ ನಿಂತಿರುತ್ತದೆ. ಇಪ್ಪತ್ತು ವರ್ಷ ಒಂದೊಂದಾಗಿ ಕೂಡಿಸಿದ ಸಂಸಾರ ನಾಲ್ಕು ಗಂಟೆಯಲ್ಲಿ ರಟ್ಟಿನ ಪೆಟ್ಟಿಗೆಗಳೊಳಗೆ ಸೇರಿಹೋಗುತ್ತದೆ. ಕಬ್ಬಿಣದ ಬೀರು, ಅಜ್ಜಿಯ ಕಾಲದ ತಾಮ್ರದ ಹಂಡೆ, ಹೊಲಿಗೆ ಯಂತ್ರ, ಒರಳುಕಲ್ಲು ಒಂದರ ಹಿಂದೊಂದು ಲಾರಿ ಏರುತ್ತವೆ. ಅವನ್ನು ಹತ್ತಿಸಿದವರ ಹೆಸರು ಮನೆಯವರಿಗೆ ಗೊತ್ತಾದದ್ದು ಅಂದು ಬೆಳಿಗ್ಗೆ. ಲಾರಿ ತಿರುವಿನಲ್ಲಿ ಮರೆಯಾದ ಮೇಲೆ, ಖಾಲಿ ಮನೆಗೆ ಬೀಗ ಹಾಕಿ ನಿಂತ ಯಜಮಾನನ ಕೈಯಲ್ಲಿ ಉಳಿಯುವುದೇನು? ಒಂದು ಕಾಗದ. ಕೆಲವೊಮ್ಮೆ ಅದೂ ಇಲ್ಲ. ಒಂದು ಫೋನ್ ನಂಬರು ಮಾತ್ರ.

ಬ್ಯಾಂಕಿನಲ್ಲಿ ಸಾವಿರ ರೂಪಾಯಿ ಕಟ್ಟಿದರೂ ರಸೀದಿಯನ್ನು ಎರಡು ಸಲ ನೋಡಿಕೊಳ್ಳುವ ಜನ, ಇಡೀ ಸಂಸಾರವನ್ನು ಅಪರಿಚಿತರ ಕೈಗೆ ಒಪ್ಪಿಸುವಾಗ ಮುಖ ನೋಡಿ ನಂಬಿಬಿಡುತ್ತಾರೆ. 'ಒಳ್ಳೆಯ ಪ್ಯಾಕರ್ಸ್ ಯಾರಾದರೂ ಗೊತ್ತೆ?' ಎಂದು ನೆರೆಹೊರೆಯಲ್ಲಿ ವಿಚಾರಿಸುತ್ತಾರೆ. ಪ್ರಶ್ನೆ ತಪ್ಪಲ್ಲ, ಆದರೆ ಅಷ್ಟೇ ಸಾಲದು. ಸಾಮಾನು ಹೊರುವವನು ಒಳ್ಳೆಯವನೇ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಸಾಮಾನು ಹೋದರೆ ಆ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ? ಈ ಪ್ರಶ್ನೆ ಹೊಸದೇನಲ್ಲ. ಕನ್ನಡ ನೆಲದಲ್ಲೇ ಕುಳಿತು ಒಬ್ಬ ಪಂಡಿತ ಒಂಬೈನೂರು ವರ್ಷಗಳ ಹಿಂದೆ ಇದನ್ನು ಚರ್ಚಿಸಿದ್ದಾನೆ.

ಕಲ್ಯಾಣದ ಉತ್ತರ

ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯ (1076–1126) ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವನ್ನು ರಾಜಧಾನಿಯಾಗಿಸಿಕೊಂಡು ಆಳುತ್ತಿದ್ದ ಕಾಲ. ಅವನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಮಿತಾಕ್ಷರಾ ಎಂದೊಡನೆ ಇಂದಿಗೂ ನೆನಪಾಗುವುದು ಆಸ್ತಿ ಪಾಲಿನ ವ್ಯಾಜ್ಯಗಳು. ಕೋಲ್‌ಬ್ರೂಕ್ ಎಂಬ ಇಂಗ್ಲಿಷ್ ವಿದ್ವಾಂಸ 1810ರಲ್ಲಿ ಅದರ ಆಸ್ತಿ ಹಂಚಿಕೆಯ ಪ್ರಕರಣವನ್ನು ಭಾಷಾಂತರಿಸಿದ ಮೇಲೆ ಬ್ರಿಟಿಷರ ಕೋರ್ಟುಗಳಲ್ಲಿ ಆ ಭಾಗವೇ ಮೆರೆಯಿತು. ಆದರೆ ಅದೇ ಗ್ರಂಥದಲ್ಲಿ ಕೂಲಿ ಮತ್ತು ಕೆಲಸದ ಕರಾರುಗಳ ಪ್ರಕರಣವೂ ಇದೆ. ಅದನ್ನು ಬಿಡಿಸಿ ನೋಡುವವರು ಕಡಿಮೆ.

ಆ ಪ್ರಕರಣದಲ್ಲಿ ಬರುವ ಮುಖ್ಯ ಪದಗಳು ಎರಡು: 'ವಾಹಕ' ಮತ್ತು 'ಭಾಂಡ'. ವಾಹಕನೆಂದರೆ ಹೊರುವವನು. ಭಾಂಡವೆಂದರೆ ಸರಕು, ಪಾತ್ರೆ ಎರಡೂ ಹೌದು. ಉತ್ತರ ಕರ್ನಾಟಕದ ಮನೆಗಳಲ್ಲಿ 'ಭಾಂಡೆ ಸಾಮಾನು' ಎಂದು ಆ ಪದ ಈಗಲೂ ಬದುಕಿದೆ. ಸ್ಮೃತಿಯ ನಿಯಮ ಚಿಕ್ಕದು. ರಾಜನಿಂದ ಆದ ನಷ್ಟ ಮತ್ತು ದೈವದಿಂದ ಆದ ನಷ್ಟ, ಇವೆರಡನ್ನು ಬಿಟ್ಟು ಬೇರೆ ಯಾವ ರೀತಿಯಲ್ಲಿ ಸಾಮಾನು ಹಾಳಾದರೂ ಹೊತ್ತವನಿಂದಲೇ ಅದನ್ನು ಕೊಡಿಸಬೇಕು. ಎಷ್ಟು ಹಾಳಾಗಿದೆಯೋ ಅಷ್ಟಕ್ಕೆ ತಕ್ಕಂತೆ ಎಂದು ವಿಜ್ಞಾನೇಶ್ವರ ವಿವರಿಸುತ್ತಾನೆ.

ಇನ್ನೊಂದು ನಿಯಮ ಇಂದಿನ ಸಂಸಾರಸ್ಥರಿಗೆ ಇನ್ನೂ ಹತ್ತಿರವಾದದ್ದು. ಬರುತ್ತೇನೆಂದು ಒಪ್ಪಿಕೊಂಡು, ಹೊರಡುವ ಹೊತ್ತಿಗೆ ಕೈಕೊಟ್ಟು ಪ್ರಯಾಣಕ್ಕೆ ವಿಘ್ನ ತಂದವನು ಕೂಲಿಯ ಎರಡರಷ್ಟು ತೆರಬೇಕು. ಮದುವೆಯಂಥ ಕೆಲಸಕ್ಕಾಗಿ ಶುಭದಿನ ನೋಡಿ ಹೊರಟವನಿಗೆ ಹೀಗಾದರೆ ಎಂದು ವ್ಯಾಖ್ಯಾನಕಾರ ಉದಾಹರಣೆಯನ್ನೂ ಕೊಡುತ್ತಾನೆ. ಗೃಹಪ್ರವೇಶದ ಮುಹೂರ್ತ ಗೊತ್ತುಮಾಡಿ, ಬಾರದ ಲಾರಿಗಾಗಿ ಬೀದಿಯಲ್ಲಿ ಕಾದವರಿಗೆ ಆ ಉದಾಹರಣೆಯ ಬಿಸಿ ತಟ್ಟದೆ ಇರದು. ಹೊರಡಲು ಅಣಿಯಾದ ಮೇಲೆ ಬಿಟ್ಟುಹೋದರೆ ಕೂಲಿಯ ಏಳನೆಯ ಒಂದು ಭಾಗ, ದಾರಿ ಹಿಡಿದ ಮೇಲೆ ಬಿಟ್ಟರೆ ನಾಲ್ಕನೆಯ ಒಂದು ಭಾಗ, ಅರ್ಧದಾರಿಯಲ್ಲಿ ಬಿಟ್ಟರೆ ಪೂರ್ತಿ ಕೂಲಿ ದಂಡ. ಇದು ಹೊರುವವನಿಗೆ ಮಾತ್ರ ಹೇಳಿದ್ದಲ್ಲ ಎಂಬುದು ಗಮನಾರ್ಹ. ಹೊರುವವನನ್ನು ನಡುದಾರಿಯಲ್ಲಿ ಬಿಡಿಸಿದ ಯಜಮಾನನೂ ಅಷ್ಟೇ ತೆರಬೇಕು. ಕರಾರು ಎರಡು ಕಡೆಯವರನ್ನೂ ಕಟ್ಟುತ್ತದೆ.

ರೋಮ್, ಲಂಡನ್

ಇದೇ ಮಾತನ್ನು ಬೇರೆ ನಾಡಿನವರೂ ತಮ್ಮ ದಾರಿಯಲ್ಲಿ ಕಂಡುಕೊಂಡಿದ್ದರು. ಪ್ರಾಚೀನ ರೋಮ್‌ನಲ್ಲಿ ಹಡಗಿನವರು, ಛತ್ರದವರು, ಲಾಯದವರು ಈ ಮೂರು ಬಗೆಯವರು ತಮ್ಮ ವಶಕ್ಕೆ ಬಂದ ವಸ್ತುವನ್ನು ಸುರಕ್ಷಿತವಾಗಿ ಹಿಂತಿರುಗಿಸಬೇಕು, ಇಲ್ಲವೆ ಬೆಲೆ ಕಟ್ಟಿಕೊಡಬೇಕು ಎಂಬ ಶಾಸನವಿತ್ತು. ಅದಕ್ಕೆ ನ್ಯಾಯಪಂಡಿತ ಉಲ್ಪಿಯನ್ ಕೊಟ್ಟ ಕಾರಣ ನೇರವಾದದ್ದು. ಇವರ ಮೇಲೆ ಇಷ್ಟು ಬಿಗಿ ಇಡದಿದ್ದರೆ ಕಳ್ಳರ ಜೊತೆ ಸೇರಿಕೊಳ್ಳಲು ಇವರಿಗೆ ದಾರಿ ಸಿಕ್ಕಂತಾಗುತ್ತದೆ.

ಇಂಗ್ಲೆಂಡಿನಲ್ಲಿ ಈ ವಿಚಾರ ಸ್ಪಷ್ಟ ರೂಪ ತಳೆದದ್ದು 1703ರ ಒಂದು ಮೊಕದ್ದಮೆಯಲ್ಲಿ. ಕಾಗ್ಸ್ ಎಂಬಾತನ ಬ್ರಾಂದಿ ಪೀಪಾಯಿಗಳನ್ನು ಲಂಡನ್ನಿನ ಒಂದು ನೆಲಮಾಳಿಗೆಯಿಂದ ಇನ್ನೊಂದು ನೆಲಮಾಳಿಗೆಗೆ ಸಾಗಿಸಿಕೊಡುವುದಾಗಿ ಬರ್ನಾರ್ಡ್ ಎಂಬಾತ ಒಪ್ಪಿಕೊಂಡ. ಇಳಿಸುವಾಗ ಪೀಪಾಯಿಯೊಂದು ಒಡೆದು ಬ್ರಾಂದಿ ಚೆಲ್ಲಿಹೋಯಿತು. ಬರ್ನಾರ್ಡ್ ವೃತ್ತಿಯ ಸಾಗಣೆದಾರನಲ್ಲ, ಕೂಲಿಯನ್ನೂ ಪಡೆದಿರಲಿಲ್ಲ. ಆದರೂ ಎಚ್ಚರ ತಪ್ಪಿದ್ದಕ್ಕೆ ಅವನೇ ಹೊಣೆ ಎಂದು ಕೋರ್ಟು ತೀರ್ಮಾನಿಸಿತು. ಮುಖ್ಯ ನ್ಯಾಯಮೂರ್ತಿ ಹೋಲ್ಟ್ ಅದೇ ಸಂದರ್ಭದಲ್ಲಿ, ಬಾಡಿಗೆಗೆ ಸರಕು ಸಾಗಿಸುವುದನ್ನೇ ವೃತ್ತಿ ಮಾಡಿಕೊಂಡವನ ಹೊಣೆ ಇನ್ನೂ ದೊಡ್ಡದು ಎಂದರು. ದೈವ ಮತ್ತು ರಾಜನ ಶತ್ರುಗಳು, ಈ ಎರಡರ ಹೊರತು ಬೇರೆ ಯಾವ ನಷ್ಟಕ್ಕೂ ಅವನೇ ಉತ್ತರ ಹೇಳಬೇಕು.

ಕಲ್ಯಾಣದ ಪಂಡಿತನ ಮಾತು ಲಂಡನ್ನಿನ ನ್ಯಾಯಮೂರ್ತಿಗೆ ತಿಳಿದಿರಲಿಕ್ಕಿಲ್ಲ. ಆದರೂ ಎರಡು ವಿನಾಯಿತಿಗಳ ಲೆಕ್ಕ ಒಂದೇ ಆಯಿತು. ವ್ಯತ್ಯಾಸವೊಂದಿದೆ: ಲಂಡನ್ನಿನಲ್ಲಿ ವಿನಾಯಿತಿ ಸಿಕ್ಕದ್ದು ರಾಜನ ಶತ್ರುಗಳು ಮಾಡಿದ ನಷ್ಟಕ್ಕೆ, ಸ್ಮೃತಿಯಲ್ಲಿ ರಾಜನೇ ಮಾಡಿದ ನಷ್ಟಕ್ಕೆ!

ಇಷ್ಟು ಬಿಗಿ ಏಕೆ ಎಂಬುದಕ್ಕೆ ಕಾರಣ ಸರಳವಾಗಿದೆ. ದಾರಿಯಲ್ಲಿ ನಡೆದದ್ದು ಸಾಮಾನಿನ ಒಡೆಯನಿಗೆ ಕಾಣುವುದಿಲ್ಲ. ಪೆಟ್ಟಿಗೆ ಕದ್ದುಹೋಯಿತೋ, ಕದ್ದು ಮಾರಿದರೋ, ಮಳೆಗೆ ನೆನೆಯಿತೋ, ಹೊದಿಸಬೇಕಾದ ಟಾರ್ಪಾಲು ಹೊದಿಸಲಿಲ್ಲವೋ, ಇದನ್ನೆಲ್ಲ ಬಲ್ಲವನು ಹೊತ್ತವನೊಬ್ಬನೇ. 'ತಪ್ಪು ಅವನದೇ ಎಂದು ನೀನು ರುಜುವಾತು ಮಾಡು' ಎಂದು ಒಡೆಯನಿಗೆ ಹೇಳಿದರೆ ಅವನಿಗೆ ನ್ಯಾಯ ಸಿಗುವ ದಾರಿಯೇ ಮುಚ್ಚಿದಂತೆ. ಆದ್ದರಿಂದ ತಾನು ನಿರ್ದೋಷಿ ಎಂದು ತೋರಿಸುವ ಭಾರವನ್ನು ವಾಹಕನ ತಲೆಗೇ ಕಟ್ಟಲಾಯಿತು.

ಲಂಬಾಣಿ ಎತ್ತು, ಹುಂಡೇಕರಿ

ದಖ್ಖನ್ನಿನ ದಾರಿಗಳಲ್ಲಿ ಶತಮಾನಗಳ ಕಾಲ ಸರಕು ಸಾಗಿಸಿದವರು ಲಂಬಾಣಿಗಳು. ಹದಿನೇಳನೆಯ ಶತಮಾನದ ಫ್ರೆಂಚ್ ಪ್ರವಾಸಿ ತಾವೆರ್ನಿಯೆ ಹತ್ತು ಹನ್ನೆರಡು ಸಾವಿರ ಎತ್ತುಗಳು ಅಕ್ಕಿ, ಧಾನ್ಯ, ಉಪ್ಪು ಹೊತ್ತು ಒಟ್ಟಿಗೆ ಸಾಗುವುದನ್ನು ಬೆರಗಿನಿಂದ ವರ್ಣಿಸಿದ್ದಾನೆ. ಆದರೆ ಲಂಬಾಣಿಗಳು ಬಹುಮಟ್ಟಿಗೆ ಸ್ವಂತ ವ್ಯಾಪಾರಿಗಳು. ಎತ್ತಿನ ಮೇಲಿನ ಸರಕು ಅವರದೇ. ಹೋದರೆ ನಷ್ಟವೂ ಅವರದೇ.

ಪರರ ಸರಕನ್ನು ವಹಿಸಿಕೊಳ್ಳುವವನ ಕತೆ ಬೇರೆ. ಮುಂಬಯಿ ಸೀಮೆಯಲ್ಲಿ ಇಂಥವನಿಗೆ 'ಹುಂಡೇಕರಿ' ಎಂಬ ಹೆಸರಿತ್ತು. ಗಾಡಿ ಬಾಡಿಗೆ, ದಾರಿಯ ಸುಂಕ ಎಲ್ಲವನ್ನೂ ಸೇರಿಸಿ ಒಂದೇ ಮೊತ್ತಕ್ಕೆ ಮಾಲನ್ನು ಮುಟ್ಟಿಸುವ ಗುತ್ತಿಗೆದಾರ ಅವನು. ನಡುವೆ ಯಾವ ಚೌಕಿಯಲ್ಲಿ ಎಷ್ಟು ಕೇಳಿದರೂ ಅದು ಅವನ ಪಾಡು. ಹುಂಡೇಕಾರ ಎಂಬ ಅಡ್ಡಹೆಸರು ಉತ್ತರ ಕರ್ನಾಟಕದಲ್ಲಿ ಈಗಲೂ ಕೇಳಿಬರುತ್ತದೆ. ಗುಜರಾತಿನ ಕಡೆ ಚಾರಣರು, ಭಾಟರು ಸಾರ್ಥಗಳ ಜೊತೆ ನಡೆದು ತಮ್ಮ ಮಾನವನ್ನೇ ಜಾಮೀನು ಇಡುತ್ತಿದ್ದರು. ಸರಕಿಗೆ ಕೈಹಚ್ಚಿದರೆ ಪ್ರಾಣ ಬಿಡುತ್ತೇವೆಂಬ ಅವರ ಬೆದರಿಕೆಗೆ ಕಳ್ಳರೂ ಹೆದರುತ್ತಿದ್ದರು. ದಾರಿಯ ಅಪಾಯವನ್ನು ಹಣಕ್ಕೆ ವಹಿಸಿಕೊಳ್ಳುವ ವರ್ತಕರೂ ಇದ್ದರು. 1695ರ ಸುಮಾರಿಗೆ ಸುಜಾನ್ ರಾಯ್ ಬರೆದ ಪಾರ್ಸಿ ಚರಿತ್ರೆಯಲ್ಲಿ ಈ ಏರ್ಪಾಡನ್ನು 'ಬೀಮಾ' ಎಂದು ಕರೆದಿದೆ. ಕನ್ನಡದ 'ವಿಮೆ' ಅದೇ ಪದದ ಇನ್ನೊಂದು ರೂಪ. ಪಾರ್ಸಿಯಲ್ಲಿ 'ಬೀಮ್' ಎಂದರೆ ಭಯ.

ಹೀಗೆ ಒಟ್ಟು ಮೊತ್ತದ ಕರಾರು, ಜಾಮೀನು, ವಿಮೆ ಎಂಬ ಮೂರು ಉಪಾಯಗಳೂ ಲಾರಿ ಹುಟ್ಟುವ ಮೊದಲೇ ಇದ್ದವು. ಇಂದಿಗೂ ನಂಬಿಕಸ್ಥ ಸಾಗಣೆದಾರನನ್ನು ಹುಡುಕುವುದೆಂದರೆ ಈ ಮೂರನ್ನೂ ಹುಡುಕುವುದೇ.

ಕಾಯ್ದೆಯ ದಾರಿ

1865ರಲ್ಲಿ ಭಾರತದ ಬ್ರಿಟಿಷ್ ಸರ್ಕಾರ ವಾಹಕರ ಕಾಯ್ದೆಯನ್ನು ತಂದಿತು. ಚಿನ್ನ, ಬೆಳ್ಳಿ, ಒಡವೆಯಂಥ ಬೆಲೆಬಾಳುವ ವಸ್ತುಗಳ ಪಟ್ಟಿಯೊಂದು ಅದರಲ್ಲಿತ್ತು. ಅವುಗಳ ಬೆಲೆ 100 ರೂಪಾಯಿ ದಾಟಿದ್ದರೆ ಮೊದಲೇ ತಿಳಿಸಬೇಕು, ತಿಳಿಸದಿದ್ದರೆ ವಾಹಕನ ಹೊಣೆಯಿಲ್ಲ. ಆದರೆ ಸರಕು ಕಳೆದುಹೋದಾಗ ವಾಹಕನ ಅಜಾಗರೂಕತೆಯನ್ನು ಒಡೆಯ ರುಜುವಾತು ಮಾಡಬೇಕಾಗಿಲ್ಲ ಎಂಬ ಹಳೆಯ ತತ್ವವನ್ನು ಕಾಯ್ದೆ ಉಳಿಸಿಕೊಂಡಿತು. ಬರ್ಮಾದ ಐರಾವತಿ ನದಿಯ ಹಡಗು ಕಂಪನಿಯೊಂದರ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ 1891ರಲ್ಲಿ ಇದನ್ನೇ ಎತ್ತಿಹಿಡಿಯಿತು. ಸ್ವತಂತ್ರ ಭಾರತದ ಲಾರಿ ಕಂಪನಿಗಳ ಗೋದಾಮಿನಲ್ಲಿ ಸರಕು ಬೆಂಕಿಗೆ ಆಹುತಿಯಾದ ಮೊಕದ್ದಮೆಗಳಲ್ಲಿ ಸುಪ್ರೀಂ ಕೋರ್ಟು 2000ದಲ್ಲಿ ಕೊಟ್ಟ ತೀರ್ಪುಗಳೂ ಇದೇ ದಾರಿಯವು. ಗ್ರಾಹಕ ನ್ಯಾಯಾಲಯಕ್ಕೆ ಹೋದರೂ ರುಜುವಾತಿನ ಭಾರ ಸಾಗಣೆದಾರನದೇ ಎಂಬುದು ಒಂದು. ರಸೀದಿಯ ಮೇಲೆ 'ಮಾಲೀಕರ ಹೊಣೆ' ಎಂದು ಅಚ್ಚು ಹಾಕಿಸಿದ ಮಾತ್ರಕ್ಕೆ ಅಜಾಗರೂಕತೆಯ ಹೊಣೆ ತಪ್ಪುವುದಿಲ್ಲ ಎಂಬುದು ಇನ್ನೊಂದು.

ಈಗ ಜಾರಿಯಲ್ಲಿರುವುದು 2007ರ ರಸ್ತೆ ಸಾಗಣೆ ಕಾಯ್ದೆ. 2011ರ ಮಾರ್ಚ್‌ನಲ್ಲಿ ಇದು ಜಾರಿಗೆ ಬಂದು 1865ರ ಕಾಯ್ದೆಯ ಸ್ಥಾನ ಹಿಡಿಯಿತು. ಬಾಡಿಗೆಗೆ ಸರಕು ಸಾಗಿಸುವ ವೃತ್ತಿಗೆ ನೋಂದಣಿ ಕಡ್ಡಾಯ. ಲಾರಿ ಇಟ್ಟವನಷ್ಟೇ ಅಲ್ಲ, ಸರಕು ಬುಕ್ ಮಾಡಿಕೊಳ್ಳುವ ಕಂಪನಿ, ಏಜೆಂಟ್, ದಲ್ಲಾಳಿ ಕೂಡ ಅದರ ವ್ಯಾಖ್ಯೆಗೆ ಬರುತ್ತಾರೆ. ಆದ್ದರಿಂದ 'ನಾನು ಬರೀ ಬುಕಿಂಗ್ ಮಾಡಿದವನು, ಲಾರಿ ನನ್ನದಲ್ಲ' ಎಂಬ ನೆಪ ಕಾಯ್ದೆಯ ಮುಂದೆ ನಿಲ್ಲದು. ವಿನಾಯಿತಿಗಳು ಇಲ್ಲಿಯೂ ಹಳೆಯವೇ: ದೈವ, ಯುದ್ಧ, ಗಲಭೆ, ಸರ್ಕಾರದ ಆದೇಶ ಅಥವಾ ಜಪ್ತಿ. ಯಾಜ್ಞವಲ್ಕ್ಯನ 'ರಾಜ' ಮತ್ತು 'ದೈವ' ಹೊಸ ಉಡುಪಿನಲ್ಲಿ ನಿಂತಂತಿದೆ. ಎಚ್ಚರ ವಹಿಸಿದ್ದರೆ ತಪ್ಪಿಸಬಹುದಾಗಿದ್ದ ನಷ್ಟಕ್ಕೆ ಈ ವಿನಾಯಿತಿಯೂ ಸಿಗುವುದಿಲ್ಲ.

ಹೊಣೆ ಜಾರಿಕೊಳ್ಳುವ ಬಗೆ

ಕಾಯ್ದೆ ಇಷ್ಟು ಗಟ್ಟಿಯಾಗಿದ್ದರೂ ಜನ ಮೋಸಹೋಗುವುದು ನಿಂತಿಲ್ಲ. ಹೊಣೆಯನ್ನು ಹೊರಿಸಲು ತಲೆಯೇ ಸಿಗದಿದ್ದರೆ ಕಾಯ್ದೆ ಏನು ಮಾಡೀತು? ಮೋಸದ ಬಗೆಗಳೆಲ್ಲ ಇದೇ ಒಂದು ತಂತ್ರದ ಬೇರೆ ಬೇರೆ ರೂಪಗಳು.

ಮೊದಲನೆಯದು ಹೆಸರಿನ ಆಟ. ಹೆಸರು ಮಾಡಿದ ಕಂಪನಿಯ ಹೆಸರಿಗೆ ಒಂದಕ್ಷರ ಸೇರಿಸಿಯೋ ಕಳೆದೋ ಹತ್ತಾರು ಅಂಗಡಿಗಳು ಹುಟ್ಟಿಕೊಳ್ಳುತ್ತವೆ. ಫೋನಿನಲ್ಲಿ ಮಾತಾಡಿದವನು ಒಬ್ಬ, ಸಾಮಾನು ಕಟ್ಟಲು ಬಂದವರು ದಿನಗೂಲಿಗಳು, ಲಾರಿ ಮೂರನೆಯವನದು. ಮುಂಗಡ ಸಂದಾಯವಾಗುವುದು ಯಾರದೋ ಖಾಸಗಿ ಖಾತೆಗೆ. 'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂಬ ಮಾತು ನಿಜವಾಗುವುದು ಇಲ್ಲಿ.

ಎರಡನೆಯದು ಎಲ್ಲಕ್ಕಿಂತ ಕ್ರೂರವಾದದ್ದು. ಮನೆಗೆ ಬಂದು ಸಾಮಾನು ನೋಡದೆ, ಉಳಿದವರು ಹೇಳಿದ್ದರ ಅರ್ಧಕ್ಕೆ ಒಪ್ಪಿಕೊಳ್ಳುತ್ತಾರೆ. ಲಾರಿ ತುಂಬಿದ ಮೇಲೆ ರಾಗ ಬದಲಾಗುತ್ತದೆ. ಸಾಮಾನು ಹೆಚ್ಚಾಯಿತು, ಮಹಡಿ ಹತ್ತಿಸಬೇಕಾಯಿತು, ಟೋಲ್ ಏರಿತು, ತೆರಿಗೆ ಕಟ್ಟಬೇಕು, ಹೀಗೆ ಒಂದೊಂದೇ ನೆಪ. ಕೇಳಿದಷ್ಟು ಕೊಡುವವರೆಗೆ ಲಾರಿ ಊರ ಹೊರಗೆ ನಿಲ್ಲುತ್ತದೆ ಅಥವಾ ಸಾಮಾನು ಗೋದಾಮು ಸೇರುತ್ತದೆ. ಹೊಸ ಊರಿನ ಖಾಲಿ ಮನೆಯಲ್ಲಿ ಚಾಪೆಯೂ ಇಲ್ಲದೆ ಮಕ್ಕಳೊಂದಿಗೆ ಕುಳಿತವರು ಎಷ್ಟು ದಿನ ಜಗಳವಾಡಿಯಾರು? ಸಾಲ ಮಾಡಿಯಾದರೂ ಕೊಡುತ್ತಾರೆ. ಕೈಕೊಟ್ಟವನಿಗೆ ಸ್ಮೃತಿ ಎರಡು ಪಟ್ಟು ದಂಡ ಹಾಕಿದ್ದು ಇಂಥ ಅಸಹಾಯಕತೆಯನ್ನು ಅರಿತೇ ಇರಬೇಕು. ಇಲ್ಲಿ ಒಂದು ವಿಷಯ ತಿಳಿದಿರುವುದು ಒಳ್ಳೆಯದು: ಬಳಸಿದ ಗೃಹೋಪಯೋಗಿ ಮತ್ತು ಸ್ವಂತ ಸಾಮಾನುಗಳಿಗೆ ಜಿಎಸ್‌ಟಿ ನಿಯಮಗಳಲ್ಲಿ ಇ-ವೇ ಬಿಲ್ ಬೇಕಿಲ್ಲ. ಅದರ ಹೆಸರಿನಲ್ಲಿ ಹಣ ಕೇಳಿದರೆ ಅದು ನೆಪವೆಂದೇ ತಿಳಿಯಬೇಕು.

ಮೂರನೆಯದು ಸುಳ್ಳು ವಿಮೆ. ಬಿಲ್ಲಿನಲ್ಲಿ 'ಇನ್ಶೂರೆನ್ಸ್' ಎಂದು ಒಂದು ಸಾಲು ಸೇರಿಸಿ ಹಣ ಪಡೆಯುತ್ತಾರೆ. ವಿಮಾ ಕಂಪನಿಗೆ ಆ ಹಣ ಹೋಗಿರುವುದೇ ಇಲ್ಲ. ನಾಲ್ಕನೆಯದು 'ಐಬಿಎ ಮಾನ್ಯತೆ' ಎಂಬ ಫಲಕ. ಭಾರತೀಯ ಬ್ಯಾಂಕುಗಳ ಸಂಘ ಸಾಗಣೆದಾರರ ಪಟ್ಟಿಯೊಂದನ್ನು ಇಟ್ಟಿರುವುದು ನಿಜ. ಲಾರಿ ರಸೀದಿಗಳ ಆಧಾರದ ಮೇಲೆ ವರ್ತಕರಿಗೆ ಸಾಲ ಕೊಡುವಾಗ ಬ್ಯಾಂಕುಗಳಿಗೆ ನೆರವಾಗಲೆಂದು ಮಾಡಿದ ಪಟ್ಟಿ ಅದು. ಮನೆ ಸಾಮಾನನ್ನು ಜೋಪಾನವಾಗಿ ಮುಟ್ಟಿಸುತ್ತಾರೆಂಬ ಪ್ರಮಾಣಪತ್ರವಲ್ಲ. ಮೇಲಾಗಿ, ಫಲಕ ಬರೆಸಿದವರೆಲ್ಲ ಆ ಪಟ್ಟಿಯಲ್ಲಿರುತ್ತಾರೆಂದೂ ಇಲ್ಲ.

ಒಪ್ಪಿಸುವ ಮೊದಲು

ಹೀಗಿರುವಾಗ ಒಬ್ಬ ಗೃಹಸ್ಥ ಮಾಡಬೇಕಾದದ್ದೇನು? ನಷ್ಟವಾದರೆ ಹೊಣೆ ಹೊರಿಸಲು ಒಂದು ತಲೆ, ಒಂದು ವಿಳಾಸ, ಒಂದು ಕಾಗದ ಇದೆಯೇ ಎಂದು ಖಚಿತ ಮಾಡಿಕೊಳ್ಳುವುದು. ಅದಕ್ಕೆ ಬೇಕಾದ ಕ್ರಮಗಳು ಕಷ್ಟದವಲ್ಲ.

ಮನೆಗೆ ಬಂದು, ಅಟ್ಟ ಹತ್ತಿ, ಮಂಚದ ಕೆಳಗೆ ಬಗ್ಗಿ ನೋಡಿ ದರ ಹೇಳುವವನು ಮೊದಲ ಪರೀಕ್ಷೆ ಪಾಸಾದಂತೆ. ಮೂರು ಕಡೆ ದರ ವಿಚಾರಿಸಬೇಕು. ಎರಡು ಹತ್ತಿರ ಹತ್ತಿರವಿದ್ದು ಒಂದು ಮಾತ್ರ ತೀರ ಕಡಿಮೆಯಿದ್ದರೆ ಉಳಿದದ್ದನ್ನು ಮುಂದೆ ವಸೂಲು ಮಾಡುವ ಯೋಚನೆ ಅಲ್ಲಿದೆ ಎಂದು ಭಾವಿಸುವುದೇ ಕ್ಷೇಮ. ಹಿಂದಿನ ಹುಂಡೇಕರಿಯಂತೆ ಕಟ್ಟುವ ಕೂಲಿ, ಹಮಾಲಿ, ಮಹಡಿ, ಟೋಲ್, ತೆರಿಗೆ ಎಲ್ಲ ಸೇರಿದ ಒಟ್ಟು ಮೊತ್ತವನ್ನು ಬರೆದು ರುಜು ಹಾಕುವವನು ಬೇಕು.

ನೋಂದಣಿ ಪತ್ರ ಮತ್ತು ಜಿಎಸ್‌ಟಿ ಸಂಖ್ಯೆ ಕೇಳಲು ಸಂಕೋಚಪಡಬೇಕಾಗಿಲ್ಲ. ಆ ಸಂಖ್ಯೆ ಯಾರ ಹೆಸರಿನಲ್ಲಿದೆ ಎಂದು ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನೋಂದಣಿಯಲ್ಲಿರುವ ಹೆಸರು, ಬಿಲ್ಲಿನ ಮೇಲಿನ ಹೆಸರು, ಹಣ ಕಟ್ಟುವ ಖಾತೆಯ ಹೆಸರು ಮೂರೂ ಒಂದೇ ಆಗಿರಬೇಕು. ಆಗದಿದ್ದರೆ ಅಲ್ಲಿಗೇ ಮಾತು ನಿಲ್ಲಿಸುವುದು ಒಳ್ಳೆಯದು. ಸಾಧ್ಯವಾದರೆ ಒಮ್ಮೆ ಅವರ ಆಫೀಸಿಗೆ ಹೋಗಿಬರಬೇಕು. ಫಲಕ ಕಂಡರೆ ಸಾಲದು. ಗೋದಾಮು, ಲಾರಿ, ಕೆಲಸದವರು ಕಣ್ಣಿಗೆ ಬೀಳಬೇಕು. ಸಾಮಾನು ಒಂದೇ ಲಾರಿಯಲ್ಲಿ ಕೊನೆಯವರೆಗೆ ಹೋಗುತ್ತದೆಯೋ, ನಡುವೆ ಬದಲಾಗುತ್ತದೆಯೋ ಎಂಬುದನ್ನೂ ಕೇಳಬೇಕು. ಏರಿಸಿ ಇಳಿಸುವುದು ಹೆಚ್ಚಿದಷ್ಟೂ ಒಡೆಯುವುದು, ಕಳೆಯುವುದು ಹೆಚ್ಚು.

ಎಲ್ಲಕ್ಕಿಂತ ಮುಖ್ಯವಾದದ್ದು ಪಟ್ಟಿ. ಲಾರಿ ಆಫೀಸಿನ ರೂಢಿಯಂತೆ ಬಿಲ್ಟಿಯಲ್ಲಿ 'ಹಳೆಯ ಮನೆ ಸಾಮಾನು, 40 ನಗ' ಎಂದು ಒಂದೇ ಸಾಲು ಬರೆದರೆ, ಬಂದು ಇಳಿದ ನಲವತ್ತು ಪೆಟ್ಟಿಗೆಗಳಲ್ಲಿ ಏನಿದ್ದರೂ ಲೆಕ್ಕ ಸರಿಹೋಯಿತೆಂದೇ ಅರ್ಥ. ಪ್ರತಿ ಪೆಟ್ಟಿಗೆಗೂ ಸಂಖ್ಯೆ ಹಾಕಿ, ಒಳಗಿರುವುದನ್ನು ಬರೆದು, ಟಿವಿ, ಫ್ರಿಜ್, ಬೀರುಗಳ ಸ್ಥಿತಿಯನ್ನು ಫೋಟೊ ತೆಗೆದು, ಎರಡು ಪ್ರತಿಗಳಿಗೆ ಎರಡೂ ಕಡೆಯವರು ರುಜು ಹಾಕಬೇಕು. ಕಾಯ್ದೆಯ ಪ್ರಕಾರ ಸಾಮಾನು ಒಪ್ಪಿಸುವವನು ವಿವರಗಳ ರವಾನೆ ಪತ್ರವನ್ನು ಕೊಡಬೇಕು. ಸಾಗಣೆದಾರ ರಸೀದಿ ಕೊಡಬೇಕು. ಅದೇ ರೂಢಿಯ ಬಿಲ್ಟಿ. ಅದರ ಮೂಲ ಪ್ರತಿ ಒಪ್ಪಿಸಿದವನ ಕೈಯಲ್ಲಿರಬೇಕು. ಲಾರಿಯ ನಂಬರನ್ನೂ ಅದರಲ್ಲಿ ಬರೆಸಿಕೊಳ್ಳಬೇಕು.

ಬೆಲೆಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಹೆಚ್ಚಿನ ಹೊಣೆಯ ದರ ಕೊಡಲು ಬರಹದಲ್ಲಿ ಒಪ್ಪದಿದ್ದರೆ ಸಾಗಣೆದಾರನ ಹೊಣೆಗೆ ಮಿತಿಯಿದೆ. ನಿಯಮಗಳ ಪ್ರಕಾರ ಆ ಮಿತಿ ಬಾಡಿಗೆಯ ಹತ್ತು ಪಟ್ಟು, ಅದೂ ರವಾನೆ ಪತ್ರದಲ್ಲಿ ಬರೆದ ಬೆಲೆಯನ್ನು ಮೀರದಂತೆ. ಬಾಡಿಗೆ 20,000 ರೂಪಾಯಿಯಾದರೆ ಮಿತಿ 2 ಲಕ್ಷ. ಸಾಮಾನು 5 ಲಕ್ಷದ್ದಾದರೂ ಅಷ್ಟೇ. ವಿಮೆಯ ಹಣ ಉಳಿಸಲೆಂದು 50,000 ಎಂದು ಬರೆಸಿದವನಿಗೆ 50,000ದಾಚೆ ಕೇಳುವ ಬಾಯಿಯೂ ಇರುವುದಿಲ್ಲ. ರವಾನೆ ಪತ್ರದಲ್ಲಿ ಬರೆದದ್ದರ ಸತ್ಯಕ್ಕೆ ಒಪ್ಪಿಸಿದವನೇ ಹೊಣೆ ಎಂದು ಕಾಯ್ದೆ ಹೇಳುತ್ತದೆ. ಕರಾರು ಎರಡು ಕಡೆಯವರನ್ನೂ ಕಟ್ಟುತ್ತದೆ ಎಂಬ ಹಳೆಯ ಮಾತು ಇಲ್ಲಿ ಮತ್ತೆ ಎದುರಾಗುತ್ತದೆ.

ವಿಮೆ ಮಾಡಿಸಿದರೆ ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ, ಸಾಮಾನಿನ ಒಡೆಯನ ಹೆಸರು ಇರುವ ಪತ್ರ ಲಾರಿ ಹೊರಡುವ ಮೊದಲೇ ಕೈಸೇರಬೇಕು. ಕೆಲವು ಪಾಲಿಸಿಗಳು ಬೆಂಕಿ, ಡಿಕ್ಕಿ, ಲಾರಿ ಮಗುಚುವುದು ಇಷ್ಟನ್ನೇ ಒಳಗೊಳ್ಳುತ್ತವೆ. ಇಳಿಸುವಾಗ ಒಡೆದ ಗಾಜಿನ ಬೀರು ಅದರಲ್ಲಿ ಸೇರದು. ಯಾವ ಬಗೆಯದು ಎಂದು ಓದಿ ನೋಡುವುದು ಅಗತ್ಯ. ಇನ್ನು ಒಡವೆ, ನಗದು, ಜಮೀನಿನ ಪತ್ರಗಳು, ಮಕ್ಕಳ ಅಂಕಪಟ್ಟಿ, ದಿನನಿತ್ಯದ ಔಷಧಿ ಲಾರಿ ಹತ್ತಲೇಬಾರದು. ಇವನ್ನು ಯಾವ ವಿಮೆಯೂ ಸರಿಯಾಗಿ ತುಂಬಿಕೊಡಲಾರದು.

ಕಳೆದ ಮೇಲೆ

ಇಷ್ಟೆಲ್ಲ ಮಾಡಿದರೂ ಒಡೆಯುವುದು, ಕಳೆಯುವುದು ಉಂಟು. ಸಾಮಾನು ಇಳಿಯುವಾಗ ಪಟ್ಟಿ ಹಿಡಿದು ಒಂದೊಂದೇ ಗುರುತು ಹಾಕಿಕೊಳ್ಳಬೇಕು. ಡ್ರೈವರ್ ಎಷ್ಟೇ ಅವಸರ ಮಾಡಿದರೂ 'ಸರಿಯಾಗಿ ಮುಟ್ಟಿದೆ' ಎಂಬ ಕಾಗದಕ್ಕೆ ನೋಡದೆ ರುಜು ಹಾಕಬಾರದು. ಕೊರತೆಯನ್ನು ಅದೇ ಕಾಗದದ ಮೇಲೆ ಬರೆದು ರುಜು ಹಾಕಬೇಕು.

ಆಮೇಲೆ ನೋಟಿಸು. ಸಾಗಣೆದಾರನ ಮೇಲೆ ಮೊಕದ್ದಮೆ ಹೂಡಬೇಕಾದರೆ ಸಾಮಾನು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಬರಹದಲ್ಲಿ ನೋಟಿಸು ಕೊಟ್ಟಿರಬೇಕು. 'ಇಂದು ಕೊಡುತ್ತೇವೆ, ನಾಳೆ ಕೊಡುತ್ತೇವೆ' ಎಂಬ ಸಿಹಿ ಮಾತಿನಲ್ಲಿ ಆರು ತಿಂಗಳು ಕಳೆದುಬಿಟ್ಟರೆ ಹಕ್ಕೇ ಕಳೆದುಹೋಗುತ್ತದೆ. ಪೋಸ್ಟಿನ ರಸೀದಿ ಸಹಿತ ಕಳಿಸಿದ ಒಂದು ಕಾಗದ ಇಲ್ಲಿ ನೂರು ಫೋನ್ ಕರೆಗಳಿಗೆ ಸಮ. ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ದೂರುದಾರ ತಾನು ವಾಸಿಸುವ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಸಲ್ಲಿಸಬಹುದು. ಬಿಲ್ಲಿನ ಅಡಿಯಲ್ಲಿ ಯಾವುದೋ ದೂರದ ನಗರದ ನ್ಯಾಯಾಲಯದ ಹೆಸರು ಅಚ್ಚಾಗಿರುವುದನ್ನು ಕಂಡು ಎದೆಗುಂದಬೇಕಾಗಿಲ್ಲ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆ ಇದೆ. ಸಾಮಾನನ್ನು ಅಡ ಹಿಡಿದು ಕರಾರು ಮೀರಿದ ಹಣ ಕೇಳಿದರೆ ಪೊಲೀಸ್ ಠಾಣೆಗೆ ದೂರು ಕೊಡಲು ತಡಮಾಡಬಾರದು. ಆಗಲೂ ಮೊದಲು ಕೇಳುವುದು ಅದೇ ಕಾಗದ, ಅದೇ ಒಟ್ಟು ಮೊತ್ತದ ಬರಹ.

ಇದೆಲ್ಲ ಅಪನಂಬಿಕೆಯ ಪಾಠವಲ್ಲ. ಬೆನ್ನು ಬಗ್ಗಿಸಿ ಮೂರು ಮಹಡಿ ಬೀರು ಹೊರುವ ಹಮಾಲರಲ್ಲಿ, ರಾತ್ರಿಯಿಡೀ ಘಟ್ಟದ ತಿರುವುಗಳಲ್ಲಿ ಲಾರಿ ನಡೆಸುವ ಡ್ರೈವರ್‌ಗಳಲ್ಲಿ ಪ್ರಾಮಾಣಿಕರೇ ಹೆಚ್ಚು. ಪಟ್ಟಿ ಮಾಡಿ ರುಜು ಹಾಕಿದ ಕಾಗದ ಅವರನ್ನೂ ಕಾಯುತ್ತದೆ. ಹಳೆಯ ಬಿರುಕನ್ನು ಹೊಸದೆಂದು ಹೇಳಿ ಕೂಲಿ ಮುರಿದುಕೊಳ್ಳುವ ಯಜಮಾನರೂ ಇಲ್ಲದಿಲ್ಲ. ಒಳ್ಳೆಯ ಸಾಗಣೆದಾರ ಇಂಥ ಕಾಗದಕ್ಕೆ ಬೇಸರಪಡುವುದಿಲ್ಲ. 'ನಂಬಿಕೆ ಇಲ್ಲವೇ ಸಾರ್?' ಎಂದು ಕೇಳಿ ಅದನ್ನು ತಪ್ಪಿಸಲು ನೋಡುವವನ ಬಗ್ಗೆಯೇ ಎಚ್ಚರ ಬೇಕು.

ಹೊಸ ಮನೆಗೆ ಹೋಗುವ ದಿನ ಹಲವು ಮನೆಗಳಲ್ಲಿ ಗೃಹಿಣಿ ದೇವರ ಪಟ, ದೀಪದ ಕಂಬ, ಹಾಲು ಉಕ್ಕಿಸುವ ಪಾತ್ರೆ ಇಷ್ಟನ್ನು ಲಾರಿಗೆ ಕೊಡದೆ ತಾನೇ ಕೈಯಲ್ಲಿ ಹಿಡಿದು ಹೊರಡುತ್ತಾಳೆ. ಕಳೆದರೆ ತುಂಬಿಬಾರದ್ದನ್ನು ಇನ್ನೊಬ್ಬರ ತಲೆಗೆ ಹೊರಿಸಬಾರದೆಂಬುದು ಅವಳಿಗೆ ಯಾವ ಕಾಯ್ದೆಯೂ ಕಲಿಸಿದ ಮಾತಲ್ಲ. ಉಳಿದದ್ದನ್ನು ಹೊರಿಸಲೇಬೇಕು. ಹೊರಿಸುವಾಗ ಹೊತ್ತವನ ಹೆಸರು, ವಿಳಾಸ, ರುಜು ಕೈಯಲ್ಲಿದ್ದರೆ ಕಲ್ಯಾಣದ ಕಾಲದಿಂದ ಬಂದ ನಿಯಮ ಬೆನ್ನಿಗಿರುತ್ತದೆ.